ನಡುವಿನ ಮಗು ಎಷ್ಟು ಹೊತ್ತಿಗೆ ಬಂತು?

ಮುಂಗಾರಿನ ರಾಗಿ ಪೈರು ನೆಲದಿಂದ ಗೇಣುದ್ದ ಏಳುವ ಹೊತ್ತಿಗೆ ನಮ್ಮ ಮಾಲೂರು ತಾಲ್ಲೂಕಿನ ಹೈಸ್ಕೂಲ್ ಮೈದಾನಗಳಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಕಸಬಾ, ಲಕ್ಕೂರು, ಮಾಸ್ತಿ, ಟೇಕಲ್, ಈ ನಾಲ್ಕೂ ಹೋಬಳಿಗಳಲ್ಲಿ ಪ್ರೌಢಶಾಲಾ ಕ್ರೀಡಾಕೂಟದ ಸಡಗರ. ಕಬಡ್ಡಿ, ಖೋಖೋ ಅಂಕಣಗಳ ಸುತ್ತ ಜನ ಕಿಕ್ಕಿರಿಯುತ್ತಾರೆ. ನೂರು ಮೀಟರ್ ಓಟಕ್ಕೆ ಚಪ್ಪಾಳೆ, ಕೇಕೆ ಎಲ್ಲವೂ ಇರುತ್ತವೆ. ಒಂದೂವರೆ ಸಾವಿರ, ಮೂರು ಸಾವಿರ ಮೀಟರಿನ ಓಟಗಳು ಮಾತ್ರ ಹೆಚ್ಚು ಸದ್ದಿಲ್ಲದೆ ನಡೆದು ಮುಗಿದುಹೋಗುತ್ತವೆ. ಗೆದ್ದ ಒಬ್ಬಿಬ್ಬರು ತಾಲ್ಲೂಕಿಗೆ ಹೋಗುತ್ತಾರೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಉಳಿದ ಮಕ್ಕಳ ಪಾಲಿಗೆ ಆ ವರ್ಷದ ದೂರದ ಓಟ ಅಲ್ಲಿಗೇ ಮುಗಿಯಿತು.

ಇಂಥ ಕೂಟಗಳಲ್ಲಿ ಬೇಲಿಯ ಪಕ್ಕ ನಿಂತ ಹಿರಿಯರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ನಮ್ಮ ಕಾಲದ ಹುಡುಗರು ಓಡುತ್ತಿದ್ದ ಹಾಗೆ ಈಗಿನವರು ಎಲ್ಲಿ ಓಡ್ತಾರಪ್ಪಾ?" ಪಕ್ಕದಲ್ಲೇ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಕಿರಿಯ ಮೇಷ್ಟ್ರು, "ಇಲ್ಲ ಯಜಮಾನ್ರೇ, ಈಗಿನ ಹುಡುಗರ ಟೈಮೇ ಬೇರೆ" ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಜಗತ್ತಿನಾದ್ಯಂತ ಶಾಲಾ ಓಟಗಾರರಲ್ಲಿ ಮುಂದಿರುವವರು ಹಿಂದೆಂದಿಗಿಂತ ವೇಗವಾಗಿದ್ದಾರೆ. ಅದೇ ಕಾಲದಲ್ಲಿ ತರಗತಿಯ ಒಟ್ಟು ಮಕ್ಕಳು ತಮ್ಮ ಅಪ್ಪ ಅಮ್ಮ ಆ ವಯಸ್ಸಿನಲ್ಲಿ ಓಡುತ್ತಿದ್ದದ್ದಕ್ಕಿಂತ ನಿಧಾನವಾಗಿದ್ದಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದೇ ಈ ಹೊತ್ತಿನ ನನ್ನ ಮಾತು.

ಮೊದಲು ಮುಂದಿರುವವರ ಕಥೆ. ಇದನ್ನು ಅಳೆಯಲು ಒಂದು ಮೈಲಿಯ ಓಟವನ್ನೇ ತೆಗೆದುಕೊಳ್ಳೋಣ. ಮೈಲಿ ಎಂದರೆ 1609 ಮೀಟರಿಗೆ ತುಸು ಹೆಚ್ಚು. ನಮ್ಮ ಪೊಲೀಸ್ ಆಯ್ಕೆಯ 1600 ಮೀಟರ್ ಓಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹತ್ತು ಮೀಟರೂ ಇಲ್ಲ. 1954ರ ಮೇ 6ರಂದು ಇಂಗ್ಲೆಂಡಿನ ವೈದ್ಯಕೀಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ಆಕ್ಸ್‌ಫರ್ಡ್‌ನಲ್ಲಿ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ, ನಾಲ್ಕು ನಿಮಿಷದ ಗಡಿ ದಾಟಿದ ಮೊದಲ ಮನುಷ್ಯ ಎಂದು ಲೋಕವೇ ಕೊಂಡಾಡಿತು. ನಮ್ಮ ಹೈಸ್ಕೂಲಿನ 200 ಮೀಟರಿನ ಮೈದಾನದಲ್ಲಾದರೆ ಸುತ್ತಿಗೆ 30 ಸೆಕೆಂಡಿಗೂ ಕಡಿಮೆಯಂತೆ ಬಿಡದೆ ಎಂಟು ಸುತ್ತು ಓಡಿದ ಹಾಗೆ. ಅದಾಗಿ ಹತ್ತೇ ವರ್ಷಕ್ಕೆ, 1964ರ ಜೂನ್‌ನಲ್ಲಿ, ಅಮೆರಿಕದ ಕ್ಯಾನ್ಸಸ್ ಸೀಮೆಯ ಜಿಮ್ ರ‍್ಯೂನ್ ಎಂಬ ಹೈಸ್ಕೂಲ್ ಹುಡುಗ 3 ನಿಮಿಷ 59.0 ಸೆಕೆಂಡಿನಲ್ಲಿ ಅದೇ ದೂರ ಮುಗಿಸಿದ. ಮರುವರ್ಷ 3 ನಿಮಿಷ 55.3 ಸೆಕೆಂಡಿಗೆ ಬಂದು, ಒಲಿಂಪಿಕ್ ಚಾಂಪಿಯನ್ ಪೀಟರ್ ಸ್ನೆಲ್‌ರನ್ನೇ ಹಿಂದೆ ಹಾಕಿದ.

ಇಷ್ಟಾದ ಮೇಲೆ ಹುಡುಗರು ಸಾಲುಸಾಲಾಗಿ ಬರಬೇಕಿತ್ತಲ್ಲವೆ? ಬರಲಿಲ್ಲ. 1966ರಲ್ಲಿ ಒಬ್ಬ, 1967ರಲ್ಲಿ ಇನ್ನೊಬ್ಬ ನಾಲ್ಕು ನಿಮಿಷದೊಳಗೆ ಬಂದರು. ಅನಂತರ ಮೂರು ದಶಕಕ್ಕೂ ಹೆಚ್ಚು ಕಾಲ ಅಮೆರಿಕದ ಒಬ್ಬ ಹೈಸ್ಕೂಲ್ ಹುಡುಗನಿಗೂ ಅದು ಸಾಧ್ಯವಾಗಲಿಲ್ಲ. 2001ರಲ್ಲಿ ಅಲನ್ ವೆಬ್ 3 ನಿಮಿಷ 53.43 ಸೆಕೆಂಡ್ ಓಡಿದಾಗ ರ‍್ಯೂನ್ ದಾಖಲೆಗೆ 36 ವರ್ಷವಾಗಿತ್ತು. ಐದು ಸಾವಿರ ಮೀಟರಿನಲ್ಲೂ ಹೀಗೆಯೇ. ಗೆರ‍್ರಿ ಲಿಂಡ್‌ಗ್ರೆನ್ 1964ರಲ್ಲಿ ಓಡಿದ 13 ನಿಮಿಷ 44 ಸೆಕೆಂಡಿನ ಶಾಲಾ ದಾಖಲೆಯನ್ನು ಮುರಿಯಲು ಗೇಲನ್ ರಪ್ 2004ರಲ್ಲಿ ಬರಬೇಕಾಯಿತು. ವೆಬ್ ನಂತರ ಮತ್ತೆ ಹತ್ತು ವರ್ಷ ಮೌನ. 2011ರ ಹೊತ್ತಿಗೆ ನಾಲ್ಕು ನಿಮಿಷದೊಳಗೆ ಬಂದ ಅಮೆರಿಕದ ಶಾಲಾ ಹುಡುಗರು ಒಟ್ಟು ಐವರು. ಈಗ ಆ ಸಂಖ್ಯೆ ಇಪ್ಪತ್ತನ್ನು ದಾಟಿದೆ. ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ 2017ರಲ್ಲಿ ಹದಿನಾರನೆಯ ವಯಸ್ಸಿಗೇ 3 ನಿಮಿಷ 58.07 ಸೆಕೆಂಡ್ ಓಡಿದ.

ದಾಖಲೆಗಳು ಮೆಟ್ಟಿಲು ಹತ್ತಿದಂತೆ ವರ್ಷವರ್ಷವೂ ಏರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅರವತ್ತರ ದಶಕದ ಹುಡುಗರು ದಿನವೂ ದೂರ ದೂರ ಓಡುತ್ತಿದ್ದರು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಆ ದುಡಿಮೆ ತಗ್ಗಿತು, ಅದರಿಂದಲೇ ಮಟ್ಟ ಕುಸಿಯಿತು ಎಂದು ಅಲ್ಲಿಯ ತರಬೇತುದಾರರೇ ಹೇಳುತ್ತಾರೆ. ಮತ್ತೆ ಮೇಲೇಳಲು ಕಾರಣಗಳು ಹಲವು. ಒಂದು ಊರಿನ ಹುಡುಗನ ಅಭ್ಯಾಸ ಇನ್ನೊಂದು ಊರಿನ ಹುಡುಗನಿಗೆ ಆ ದಿನವೇ ತಿಳಿಯುವಂತಾಯಿತು. ಎಷ್ಟು ಓಡಬೇಕು, ಎಷ್ಟು ಮಲಗಬೇಕು, ಏನು ತಿನ್ನಬೇಕೆಂಬ ತಿಳಿವಳಿಕೆ ಬೆಳೆಯಿತು. ಒಬ್ಬ ನಾಲ್ಕು ನಿಮಿಷದೊಳಗೆ ಬಂದರೆ, ಅವನ ಜತೆ ಓಡಿದವನಿಗೂ ಧೈರ್ಯ ಬಂತು. ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ನೊರೆ ಹಾಸು ಮತ್ತು ಗಟ್ಟಿ ಪಟ್ಟಿಯ ಬೂಟುಗಳೂ ಬಂದಿವೆ. ಇವು ಎಲ್ಲಿಗೆ ಹೋಗಿ ನಿಲ್ಲುತ್ತವೋ ಎಂದು ಲೋಕ ಅಥ್ಲೆಟಿಕ್ಸ್ ಸಂಸ್ಥೆಯೇ ಅಟ್ಟೆಯ ದಪ್ಪಕ್ಕೆ ಮಿತಿ ಹಾಕಬೇಕಾಯಿತು. ಹಾಗಾಗಿ ಅರವತ್ತರ ದಶಕದ ಕಪ್ಪು ಬೂದಿಯ ಟ್ರ್ಯಾಕಿನ ವೇಳೆಯನ್ನೂ ಇಂದಿನ ರಬ್ಬರ್ ಟ್ರ್ಯಾಕಿನ ವೇಳೆಯನ್ನೂ ಪಕ್ಕಪಕ್ಕ ಬರೆದು ಇದಕ್ಕಿಂತ ಅದು ಮೇಲು ಎಂದುಬಿಡುವುದು ನ್ಯಾಯವಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿಯ ಗೆರೆಯೂ ಹಾಗೆಯೇ ಬಹುಕಾಲ ನಿಂತಲ್ಲೇ ನಿಂತಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಸಿಂಗ್ 800 ಮೀಟರನ್ನು 1 ನಿಮಿಷ 45.77 ಸೆಕೆಂಡಿನಲ್ಲಿ ಓಡಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆಯನ್ನು ಕೇರಳದ ಜಿನ್ಸನ್ ಜಾನ್ಸನ್ ದಾಟಿದ್ದು 2018ರಲ್ಲಿ, 42 ವರ್ಷಗಳ ಬಳಿಕ. ಬಹಾದುರ್ ಪ್ರಸಾದ್ 1992ರಲ್ಲಿ 5000 ಮೀಟರನ್ನು 13 ನಿಮಿಷ 29.70 ಸೆಕೆಂಡಿನಲ್ಲಿ ಓಡಿದ್ದರು. ಅವಿನಾಶ್ ಸಾಬ್ಲೆ ಅದನ್ನು ಮುರಿಯುವ ಹೊತ್ತಿಗೆ 2022 ಬಂದಿತ್ತು. 1978ರಲ್ಲಿ ಜಲಂಧರದಲ್ಲಿ ಶಿವನಾಥ್ ಸಿಂಗ್ ಮ್ಯಾರಥಾನನ್ನು 2 ಗಂಟೆ 12 ನಿಮಿಷದಲ್ಲಿ ಮುಗಿಸಿದ್ದು ನಾಲ್ಕು ದಶಕ ಕಳೆದರೂ ಅಲುಗಲಿಲ್ಲ. ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾಗಿದ್ದವರು ಅವರು.

ಈ ಹೆಸರುಗಳ ಹಿಂದಿನ ಒಂದು ಸಂಗತಿ ಹೈಸ್ಕೂಲಿಗೆ ನೇರವಾಗಿ ಸಂಬಂಧಿಸಿದ್ದು. ಶ್ರೀರಾಮ್ ಸಿಂಗ್ ಸೇನೆಯವರು, ಶಿವನಾಥ್ ಸಿಂಗ್ ಸೇನೆಯವರು, ಸಾಬ್ಲೆ ಸೇನೆಯವರು, ಈಗ 5000 ಮತ್ತು 10000 ಮೀಟರಿನಲ್ಲಿ ದೇಶಕ್ಕೆ ಮುಂದಾಳಾಗಿರುವ ಗುಲ್ವೀರ್ ಸಿಂಗ್ ಕೂಡ ಸೇನೆಯವರು. ಸಾಬ್ಲೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡವಾ ಎಂಬ ಹಳ್ಳಿಯವರು. ಬಸ್ಸಿಲ್ಲದೆ ಶಾಲೆಗೆ ಆರು ಕಿಲೋಮೀಟರ್ ನಡೆದೋ ಓಡಿಯೋ ಹೋಗುತ್ತಿದ್ದ ಹುಡುಗ. ಅವರು ಸ್ಪರ್ಧೆಯ ಓಟವನ್ನು ಗಂಭೀರವಾಗಿ ಹಿಡಿದದ್ದು ಸೇನೆ ಸೇರಿದ ಮೇಲೆ. ಬೀಡ್ ಕೂಡ ನಮ್ಮ ಕೋಲಾರದಂತೆಯೇ ಬರದ ಸೀಮೆ. ಅಂದರೆ ನಮ್ಮ ದೇಶದ ದೂರದ ಓಟಗಾರ ಸಿಕ್ಕಿದ್ದು ಶಾಲೆ ಬಿಟ್ಟ ಮೇಲೆ, ಹದಿನೆಂಟು ತುಂಬಿದ ಮೇಲೆ, ಬ್ಯಾರಕ್ಕಿನ ಮುಂದಿನ ಮೈದಾನದಲ್ಲಿ. ಶಾಲೆಗೆ ನಡೆದು ಬಂದ ಆ ಆರು ಕಿಲೋಮೀಟರನ್ನು ಶಾಲೆ ಕಾಣಲಿಲ್ಲ, ಸೇನೆ ಕಂಡಿತು. ಸೇನೆಗೆ ಹೋಗದ ಹುಡುಗರು ಎಷ್ಟು ಜನವೋ! ಸೇನೆಯ ಬಾಗಿಲು ಕಾಣದ ಹುಡುಗಿಯರು ಎಷ್ಟು ಜನವೋ!

ಹಾಗಾದರೆ ಟೇಕಲ್ ಹೋಬಳಿಯ ಹೈಸ್ಕೂಲ್ ಹುಡುಗರ ಮಟ್ಟ ಮೂವತ್ತು ವರ್ಷದಲ್ಲಿ ಏರಿತೋ ಇಳಿಯಿತೋ? ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಅಳತೆ ಸರಿಯಿರಬೇಕು. ನಮ್ಮ ಮೈದಾನದ ಟ್ರ್ಯಾಕನ್ನು ಹೇಗೆ ಹಾಕುತ್ತಾರೆಂದು ಸ್ವಲ್ಪ ಹತ್ತಿರದಿಂದ ನೋಡೋಣ.

ಹೈಸ್ಕೂಲ್ ಮೈದಾನದಲ್ಲಿ 400 ಮೀಟರಿನ ಟ್ರ್ಯಾಕಿಗೆ ಜಾಗ ಸಾಲದು. 200 ಮೀಟರಿನದನ್ನೇ ಹಾಕುತ್ತಾರೆ. ಎರಡು ನೇರ ಬದಿ, ಎರಡು ಅರ್ಧವೃತ್ತ. ನೇರ ಬದಿ ತಲಾ 40 ಮೀಟರ್ ಇಟ್ಟುಕೊಂಡರೆ, ಉಳಿದ 120 ಮೀಟರ್ ಎರಡು ತಿರುವುಗಳಿಗೆ ಬೇಕು. ಗೂಟ ನೆಟ್ಟು, ಅದಕ್ಕೆ 18 ಮೀಟರ್ 90 ಸೆಂಟಿಮೀಟರ್ ಉದ್ದದ ಹಗ್ಗ ಕಟ್ಟಿ, ತುದಿ ಹಿಡಿದು ಸುತ್ತುತ್ತಾ ಸುಣ್ಣ ಬಿಡಬೇಕು. ಓಡುವವನು ಗೆರೆಯ ಮೇಲೆಯೇ ಓಡುವುದಿಲ್ಲ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅವನ ದಾರಿ ಎಂದು ಲೆಕ್ಕ. ಆ 20 ಸೇರಿದರೆ 19 ಮೀಟರ್ 10 ಸೆಂಟಿಮೀಟರ್ ಆಗಿ ಸುತ್ತು ಸರಿಯಾಗಿ 200 ಮೀಟರ್ ಆಗುತ್ತದೆ.

ಈಗ ಹಗ್ಗ ಒಂದು ಮೀಟರ್ ಗಿಡ್ಡವಾಯಿತು ಅನ್ನಿ. ಹಳೆಯ ಹಗ್ಗ, ಗೂಟಕ್ಕೆ ಕೆಲವು ಸುತ್ತು ಹೆಚ್ಚು ಸುತ್ತಿಕೊಂಡಿತು, ಅಷ್ಟೇ. ಒಂದು ಸುತ್ತಿಗೆ ಆರು ಕಾಲು ಮೀಟರ್ ಕಡಿಮೆಯಾಗುತ್ತದೆ. 1600 ಮೀಟರಿಗೆ ಎಂಟು ಸುತ್ತು, ಒಟ್ಟು 50 ಮೀಟರ್ ಕಡಿಮೆ. ಆರೂವರೆ ನಿಮಿಷದ ಓಟಗಾರನಿಗೆ ಹನ್ನೆರಡು ಸೆಕೆಂಡ್ ಪುಕ್ಕಟೆಯಾಗಿ ಸಿಕ್ಕಂತಾಯಿತು. ಹಾಗೆಯೇ ತಿರುವಿನಲ್ಲಿ ಗೆರೆ ಬಿಟ್ಟು ಒಂದು ಮೀಟರ್ ಹೊರಗೆ ಓಡುವ ಹುಡುಗಿ ಸುತ್ತಿಗೆ ಆರು ಕಾಲು ಮೀಟರ್ ಹೆಚ್ಚು ಓಡುತ್ತಾಳೆ. ಗೆದ್ದವಳಿಗಿಂತ ಹೆಚ್ಚು ದೂರ ಓಡಿ ಸೋತ ಹುಡುಗಿಯರು ಪ್ರತಿ ಕೂಟದಲ್ಲೂ ಇರುತ್ತಾರೆ. ಒಳಗೆರೆಗೆ ಅಂಟಿಕೊಂಡು ಓಡು ಎಂಬ ಒಂದು ಮಾತು ಹೇಳಿಕೊಡುವವರು ಇದ್ದಿದ್ದರೆ ಅವರ ವೇಳೆಯೇ ಬೇರೆಯಾಗುತ್ತಿತ್ತು.

ಇನ್ನೊಂದು ಅಡ್ಡಿ ವಯಸ್ಸಿನದು. ಭಾರತೀಯ ಶಾಲಾ ಕ್ರೀಡಾ ಒಕ್ಕೂಟ 1954ರಲ್ಲಿ ಹುಟ್ಟಿದ್ದು. ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರೆಂದು ಅದು ಮಕ್ಕಳನ್ನು ವಿಂಗಡಿಸುತ್ತದೆ. ದೂರದ ಓಟದಲ್ಲಿ ಹದಿನೈದಕ್ಕೂ ಹದಿನೇಳಕ್ಕೂ ಇರುವ ಅಂತರ ದೊಡ್ಡದು. ವಯಸ್ಸು ಕದ್ದು ಓಡಿಸುವ ಚಾಳಿ ದೇಶದಲ್ಲಿ ಎಷ್ಟು ಹಬ್ಬಿತ್ತೆಂದರೆ, 2010ರಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಯಲೆಂದೇ ರಾಷ್ಟ್ರೀಯ ಸಂಹಿತೆ ತಂದಿತು. ಮಣಿಕಟ್ಟಿನ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ಕ್ರಮ ಬಳಕೆಗೆ ಬಂತು. ಒಂದು ಮಗುವಿಗೆ ಎರಡು ವರ್ಷ ಕಡಿಮೆ ಬರೆಸಿ ಪದಕ ತರಿಸಿದರೆ, ಎರಡನೆಯ ಸ್ಥಾನಕ್ಕೆ ಬಂದ ನಿಜವಾದ ಹದಿನೈದರ ಮಗುವಿನ ಓಟವನ್ನು ಕೊಂದಂತೆ. ನೂರು ಗ್ರಾಂ ಚಿನ್ನದ ಬಣ್ಣದ ಬಿಲ್ಲೆಗೆ ಇಷ್ಟು ದೊಡ್ಡ ಬೆಲೆ ತೆರಬಾರದು.

ಇಷ್ಟು ಹೊತ್ತು ಮುಂದೆ ಓಡುವವರ ಮಾತಾಯಿತು. ಈಗ ಹಿಂದೆ ಉಳಿದವರ ಕಡೆ ತಿರುಗೋಣ. 2013ರಲ್ಲಿ ಅಮೆರಿಕದ ಹೃದ್ರೋಗ ಸಂಘದ ಸಭೆಯಲ್ಲಿ ಆಸ್ಟ್ರೇಲಿಯದ ಗ್ರಾಂಟ್ ಟಾಮ್‌ಕಿನ್ಸನ್ ಒಂದು ಲೆಕ್ಕ ಮುಂದಿಟ್ಟರು. 28 ದೇಶಗಳ, 9ರಿಂದ 17 ವರ್ಷದ ಎರಡೂವರೆ ಕೋಟಿ ಮಕ್ಕಳ ಓಟದ ಪರೀಕ್ಷೆಗಳನ್ನು 1964ರಿಂದ 2010ರವರೆಗೆ ಕೂಡಿಸಿ ನೋಡಿದ ಲೆಕ್ಕ ಅದು. ದಶಕಕ್ಕೆ ಸುಮಾರು ಶೇಕಡಾ 5ರಂತೆ ಮಕ್ಕಳ ದಮ್ಮು ತಗ್ಗಿದೆ. ಅದಕ್ಕೆ ಮೂವತ್ತು ವರ್ಷ ಹಿಂದಿನ ಮಗು ಒಂದು ಮೈಲಿ ಓಡಲು ತೆಗೆದುಕೊಳ್ಳುತ್ತಿದ್ದದ್ದಕ್ಕಿಂತ ಆ ಹೊತ್ತಿನ ಮಗುವಿಗೆ ಒಂದೂವರೆ ನಿಮಿಷ ಹೆಚ್ಚು ಬೇಕಿತ್ತು. ಯೋಚಿಸಿ ನೋಡಿ: ರ‍್ಯೂನ್‌ನಿಂದ ವೆಬ್‌ವರೆಗೆ, 36 ವರ್ಷಗಳಲ್ಲಿ ಮುಂದಿನವರು ಗಳಿಸಿದ್ದು ಎರಡು ಸೆಕೆಂಡಿಗೂ ಕಡಿಮೆ. ಹೆಚ್ಚು ಕಡಿಮೆ ಅಷ್ಟೇ ಕಾಲದಲ್ಲಿ ಉಳಿದವರು ಕಳೆದುಕೊಂಡದ್ದು ತೊಂಬತ್ತು ಸೆಕೆಂಡ್.

ಅದು ಬೇರೆ ದೇಶಗಳ ಲೆಕ್ಕ, ನಮ್ಮ ಹಳ್ಳಿಗಳಿಗೆ ಸಲ್ಲುವುದಿಲ್ಲ ಎನ್ನಬಹುದು. ನಮ್ಮ ಹಳ್ಳಿಗಳಲ್ಲಿ ಏನೇನು ಬದಲಾಗಿದೆ, ನೀವೇ ನೋಡಿದ್ದೀರಿ. ಹಿಂದೆ ಟೇಕಲ್ಲಿನ ಹೈಸ್ಕೂಲಿಗೆ ಸುತ್ತಲ ಹಳ್ಳಿಯ ಮಕ್ಕಳು ಬಂಡೆಗುಡ್ಡದ ಬುಡದ ಕಾಲುದಾರಿ ಹಿಡಿದು, ಕೆರೆ ಏರಿ ಹತ್ತಿ ಇಳಿದು ಬರುತ್ತಿದ್ದರು. ರೈಲು ಹಿಡಿಯಬೇಕಾದವರು ಸ್ಟೇಷನ್ನಿಗೆ ಓಡುತ್ತಿದ್ದರು. ಸಂಜೆ ದನ ಹೊಡೆದುಕೊಂಡು ಬರುವುದು, ಬಾವಿಯಿಂದ ನೀರು ತರುವುದು, ಹೊಲಕ್ಕೆ ಬುತ್ತಿ ಒಯ್ಯುವುದು ಎಲ್ಲವೂ ಕಾಲಿಗೆ ಕೆಲಸ, ಎದೆಗೆ ಕೆಲಸ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಓದು ಬಿಡದೆ ಉಳಿದರು. ಅದು ದೊಡ್ಡ ಒಳಿತು, ಅದರ ಬಗ್ಗೆ ಎರಡು ಮಾತಿಲ್ಲ. ಆಮೇಲೆ ಶಾಲೆಯ ವ್ಯಾನು ಬಂತು, ಅಪ್ಪನ ಬೈಕು ಬಂತು, ಸಂಜೆಯ ಟ್ಯೂಷನ್ ಬಂತು, ಮೊಬೈಲು ಬಂತು. ಹತ್ತನೆಯ ತರಗತಿಗೆ ಬಂದ ಕೂಡಲೇ ಆಟದ ಪೀರಿಯಡ್ ಗಣಿತದ ವಿಶೇಷ ತರಗತಿಯಾಗುತ್ತದೆ. ನಡೆಯುವ ಕಷ್ಟ ಕಳೆದದ್ದು ಒಳ್ಳೆಯದೇ. ಆ ಕಷ್ಟ ತಾನಾಗಿ ಕೊಡುತ್ತಿದ್ದ ದಮ್ಮನ್ನು ಈಗ ಬೇರೆ ದಾರಿಯಿಂದ ಕೊಡಬೇಕಾದದ್ದು ಶಾಲೆಯ ಹೊಣೆ. ಆ ಹೊಣೆಯನ್ನು ನಾವು ಇನ್ನೂ ಹೊತ್ತಿಲ್ಲ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ದೂರದ ಓಟ ಹೆಂಗಸರ ಮೈಗೆ ಒಗ್ಗದು ಎಂಬ ನಂಬಿಕೆ ಲೋಕವನ್ನೇ ಬಹುಕಾಲ ಆಳಿತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲಿನಾ ರಾಡ್ಕೆ ಗೆದ್ದರು. ಓಡಿ ಮುಗಿಸಿದವರು ದಣಿದು ಹುಲ್ಲಿನ ಮೇಲೆ ಕುಳಿತದ್ದನ್ನೇ ಪತ್ರಿಕೆಗಳು ಕುಸಿದುಬಿದ್ದರೆಂದು ದೊಡ್ಡದು ಮಾಡಿ ಬರೆದವು. ಅದರ ಫಲವಾಗಿ ಆ ಓಟವನ್ನೇ ತೆಗೆದುಹಾಕಿ, 1960ರವರೆಗೆ ಮತ್ತೆ ಇಡಲಿಲ್ಲ. 1500 ಮೀಟರ್ ಬಂದದ್ದು 1972ರಲ್ಲಿ, ಮ್ಯಾರಥಾನ್ 1984ರಲ್ಲಿ, ಹತ್ತು ಸಾವಿರ ಮೀಟರ್ 1988ರಲ್ಲಿ. ಓಡಲು ಬಿಟ್ಟ ಮೇಲೆ ಮಟ್ಟ ಹೇಗೆ ಏರಿತೆಂಬುದಕ್ಕೆ ದೂರ ಹೋಗಬೇಕಿಲ್ಲ. ಪಾಲಕ್ಕಾಡಿನ ಮುಂಡೂರು ಎಂಬ ಊರಿನ ಸಾಮಾನ್ಯ ಶಾಲೆಯಲ್ಲಿ ಓದಿದ, ಕೂಲಿ ಮಾಡುವ ತಂದೆ ತಾಯಿಯ ಮಗಳು ಪಿ. ಯು. ಚಿತ್ರಾ, ಶಾಲೆಯ ತರಬೇತುದಾರರ ಕೈಯಲ್ಲಿ ಪಳಗಿ ರಾಷ್ಟ್ರೀಯ ಶಾಲಾ ಕೂಟಗಳಲ್ಲಿ ಚಿನ್ನ ಗೆದ್ದರು. 2017ರಲ್ಲಿ ಭುವನೇಶ್ವರದಲ್ಲಿ, 2019ರಲ್ಲಿ ದೋಹಾದಲ್ಲಿ ಏಷ್ಯಾದ 1500 ಮೀಟರ್ ಚಾಂಪಿಯನ್ ಆದರು.

ಹಳೆಯ ನಂಬಿಕೆ ಮಾತ್ರ ನಮ್ಮ ನಡುವೆ ಇನ್ನೂ ಉಳಿದಿದೆ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಗಂಡಸರಿಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಲು ಇಟ್ಟಿದ್ದಾರೆ, ಹೆಂಗಸರಿಗೆ ಇಟ್ಟದ್ದು ಬರೀ 400 ಮೀಟರ್, ಎರಡು ನಿಮಿಷ. ನಸುಕಿನಲ್ಲಿ ಮಾಲೂರು ಬಂಗಾರಪೇಟೆ ರಸ್ತೆಯ ಅಂಚಿನಲ್ಲಿ ಓಡುವ ಹುಡುಗರನ್ನು ನಾವು ಕಾಣುತ್ತೇವೆ. ಹುಡುಗಿಯರು ಅಷ್ಟಾಗಿ ಕಾಣುವುದಿಲ್ಲ. ಕೇಳಿದಷ್ಟೇ ತಾನೆ ಮಕ್ಕಳು ತಯಾರಾಗುವುದು? ನಾಲ್ಕುನೂರೇ ಸಾಕೆಂದು ಹೇಳಿದರೆ ನಾಲ್ಕುನೂರಕ್ಕೇ ನಿಲ್ಲುತ್ತಾರೆ.

ಹುಡುಗಿಯರ ಓಟದ ಮಟ್ಟಕ್ಕೆ ಇನ್ನೊಂದು ತಳವಿದೆ, ಅದು ರಕ್ತ. ಓಡುವಾಗ ಉಸಿರಿನ ಆಮ್ಲಜನಕವನ್ನು ಸ್ನಾಯುವಿಗೆ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂರನೆಯ ಸುತ್ತಿಗೇ ಎದೆ ಹಿಡಿದು ನಿಲ್ಲುವ ಹುಡುಗಿಗೆ "ಮನಸ್ಸಿಲ್ಲ, ಸೋಮಾರಿ" ಎನ್ನುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಬೇಕು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ನುಂಗಿದಳೋ ಎಸೆದಳೋ ಎಂದು ಅಮ್ಮ ಕೇಳಬೇಕು. ನಮ್ಮ ನೆಲದ ರಾಗಿ, ಹುರುಳಿ, ಹೊಲದ ಬದುವಿನ ಸೊಪ್ಪು, 2013ರಿಂದ ಶಾಲೆಯಲ್ಲಿ ಕೊಡುತ್ತಿರುವ ಹಾಲು, ಈಚೆಗೆ ಸೇರಿದ ಮೊಟ್ಟೆ, ಇವೆಲ್ಲ ಓಟದ ಮಟ್ಟವನ್ನು ಏರಿಸುವ ಸಾಮಗ್ರಿಗಳೇ. ಬೂಟಿಗಿಂತ ಮೊದಲು ಬೇಕಾದವು.

ಹಾಗಾದರೆ ಮಾಡುವುದೇನು? ರಬ್ಬರ್ ಟ್ರ್ಯಾಕ್ ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಕಿಲ್ಲ. ಕೀನ್ಯಾದ ಇಟೆನ್ ಎಂಬ ಊರಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ 1976ರಲ್ಲಿ ಕೋಲ್ಮ್ ಓ'ಕಾನೆಲ್ ಎಂಬ ಐರ್ಲೆಂಡಿನ ಕ್ರೈಸ್ತ ಧರ್ಮಸಂಘದ ಸಹೋದರರೊಬ್ಬರು ಭೂಗೋಳದ ಮೇಷ್ಟ್ರಾಗಿ ಬಂದರು. ಅಥ್ಲೆಟಿಕ್ಸ್ ತರಬೇತಿ ಅವರಿಗೆ ಇರಲಿಲ್ಲ. ಮಕ್ಕಳನ್ನು ನೋಡುತ್ತಾ ನೋಡುತ್ತಾ ಕಲಿತರು. ಆ ಶಾಲೆಯ ಪೀಟರ್ ರೋನೊ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದರು. 2012ರಲ್ಲಿ ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಕೂಡ ಓ'ಕಾನೆಲ್ ಕೈಯಲ್ಲೇ ಬೆಳೆದವರು. ಇಟೆನ್ ಸಮುದ್ರಮಟ್ಟದಿಂದ 2400 ಮೀಟರ್ ಎತ್ತರದಲ್ಲಿದೆ, ಆ ಎತ್ತರ ನಮಗಿಲ್ಲ, ನಿಜ. ವರ್ಷವಿಡೀ ಮಕ್ಕಳ ಜತೆ ನಿಲ್ಲುವ ಮೇಷ್ಟ್ರು ಮಾತ್ರ ನಮ್ಮಲ್ಲೂ ಇರಬಹುದು.

ನಮ್ಮ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ನಿಧಾನ. ಹೋಬಳಿ ಕೂಟದ ಮೂರು ಸಾವಿರ ಮೀಟರ್ ಓಟ ನೋಡಿ: 200 ಮೀಟರಿನ ಮೈದಾನದಲ್ಲಿ ಹದಿನೈದು ಸುತ್ತು. ಸೀಟಿ ಊದಿದ ಕೂಡಲೇ ಇಡೀ ಗುಂಪು ನೂರು ಮೀಟರ್ ಓಟದ ಹಾಗೆ ನುಗ್ಗುತ್ತದೆ. ಮೂರನೆಯ ಸುತ್ತಿಗೆ ಅರ್ಧ ಜನ ಸೊಂಟಕ್ಕೆ ಕೈಯಿಟ್ಟಿರುತ್ತಾರೆ. ಎಂಟನೆಯ ಸುತ್ತಿಗೆ ಅಂಕಣದಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಇದು ಶಕ್ತಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಾದರೆ ಸುತ್ತಿಗೆ 48 ಸೆಕೆಂಡ್ ಸಾಕು. ಮೊದಲ ಸುತ್ತನ್ನೂ 48ರಲ್ಲಿ, ಎಂಟನೆಯ ಸುತ್ತನ್ನೂ 48ರಲ್ಲಿ ಓಡಲು ಕಲಿತ ಮಗು, ಮೊದಲ ಸುತ್ತನ್ನು 35ರಲ್ಲಿ ಓಡಿದವನನ್ನು ಆರನೆಯ ಸುತ್ತಿನ ಹೊತ್ತಿಗೆ ಹಿಂದೆ ಹಾಕುತ್ತದೆ. ವಾರಕ್ಕೆ ಮೂರು ನಾಲ್ಕು ದಿನ, ಪಕ್ಕದವರ ಜತೆ ಮಾತಾಡಿಕೊಂಡು ಓಡಬಲ್ಲಷ್ಟು ಹಗುರವಾದ ಓಟ, ಇಪ್ಪತ್ತು ನಿಮಿಷದಿಂದ ಶುರುಮಾಡಿ. ವಾರಕ್ಕೊಮ್ಮೆ ಗುಡ್ಡದ ಏರು, ವಾರಕ್ಕೊಮ್ಮೆ ಅಳತೆಯ ಸುತ್ತುಗಳು. ಕಲ್ಲುಕ್ವಾರಿಯ ಲಾರಿ ಓಡಾಡುವ ಜಲ್ಲಿ ರಸ್ತೆ ಬೇಡ, ಧೂಳೂ ಅಪಾಯ, ಚಕ್ರವೂ ಅಪಾಯ. ಕೆರೆ ಏರಿ ಇದೆ, ಕೊಯ್ಲಾದ ಹೊಲವಿದೆ, ಬಂಡೆಗಳ ನಡುವಿನ ಮಣ್ಣುದಾರಿ ಇದೆ. ಗುಡ್ಡಗಾಡು ಓಟಕ್ಕೆ ಟೇಕಲ್ಲಿಗಿಂತ ಒಳ್ಳೆಯ ನೆಲ ಬೇಕೆ?

ಅತಿಯೂ ಆಗಬಾರದು. 2006ರಲ್ಲಿ ಒಡಿಶಾದಲ್ಲಿ ನಾಲ್ಕು ವರ್ಷದ ಬುಧಿಯಾ ಸಿಂಗ್‌ನನ್ನು ಭುವನೇಶ್ವರ ಮತ್ತು ಪುರಿಯ ನಡುವಿನ ದಾರಿಯಲ್ಲಿ 65 ಕಿಲೋಮೀಟರ್ ಓಡಿಸಿದರು. ದೇಶವೆಲ್ಲ ಬೆರಗಾಗಿ ನೋಡಿತು. ಮಗು ಬೆರಗಿನ ವಸ್ತುವಲ್ಲ. ಹೈಸ್ಕೂಲಿನ ಓಟ ಮುಂದಿನ ಇಪ್ಪತ್ತು ವರ್ಷದ ಓಟಕ್ಕೆ ಅಡಿಪಾಯವಾಗಬೇಕು, ಹದಿನೈದಕ್ಕೇ ಮಂಡಿ ಹಿಡಿದು ಕೂರಿಸುವಂತಿರಬಾರದು.

ಜಪಾನಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ಅಲ್ಲಿ 1950ರಿಂದ ಹೈಸ್ಕೂಲುಗಳ ದೂರದ ರಿಲೇ ಓಟ ನಡೆಯುತ್ತಿದೆ, ಎಕಿಡೆನ್ ಎನ್ನುತ್ತಾರೆ. ಹುಡುಗರ ತಂಡದ ಏಳು ಜನ ಸೇರಿ ಮ್ಯಾರಥಾನಿನ 42.195 ಕಿಲೋಮೀಟರ್ ಮುಗಿಸುತ್ತಾರೆ. 1989ರಿಂದ ಹುಡುಗಿಯರಿಗೂ ಇದೆ, ಐವರು ಸೇರಿ ಅದರ ಅರ್ಧ ದೂರ. ಪ್ರತಿ ವರ್ಷ ಡಿಸೆಂಬರಿನಲ್ಲಿ ಕ್ಯೋಟೊದಲ್ಲಿ 47 ಪ್ರಾಂತಗಳ ಶಾಲೆಗಳು ಸೇರುತ್ತವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಕೀನ್ಯಾದ ಸ್ಯಾಮುಯೆಲ್ ವಂಜಿರು ಓದಿದ್ದು ಜಪಾನಿನ ಸೆಂಡಾಯ್ ಇಕುಯೆ ಹೈಸ್ಕೂಲಿನಲ್ಲಿ. ಎಕಿಡೆನ್ನಿನ ಗುಟ್ಟು ಏನೆಂದರೆ, ಒಬ್ಬ ಜಾಣ ಓಟಗಾರನಿಂದ ಶಾಲೆ ಗೆಲ್ಲುವುದಿಲ್ಲ. ಏಳನೆಯವನು ಚೆನ್ನಾಗಿ ಓಡಿದರೆ ಮಾತ್ರ ಗೆಲುವು. ಹಾಗಾಗಿ ಮೇಷ್ಟ್ರು ಏಳನೆಯವನ ಮೇಲೂ ಎಂಟನೆಯವನ ಮೇಲೂ ಕಣ್ಣಿಡುತ್ತಾರೆ.

ನಮ್ಮ ತಾಲ್ಲೂಕಿನಲ್ಲೂ ಇದನ್ನು ಮಾಡಬಹುದು. ಹೋಬಳಿಯ ಒಂದೊಂದು ಹೈಸ್ಕೂಲಿನಿಂದ ಐವರು ಹುಡುಗರು, ಐವರು ಹುಡುಗಿಯರು. ತಲಾ ಎರಡು ಕಿಲೋಮೀಟರ್, ಒಂದೂರಿನಿಂದ ಇನ್ನೊಂದೂರಿಗೆ, ಕೆರೆ ಏರಿಯ ಮೇಲೆ. ದಸರಾ ರಜೆ ಮುಗಿದು, ಚಳಿ ಶುರುವಾಗುವ ಹೊತ್ತಿಗೆ ಇಟ್ಟುಕೊಂಡರೆ ಆಗಸ್ಟಿನ ಕೂಟದ ನಂತರವೂ ಮಕ್ಕಳಿಗೆ ಓಡಲು ಒಂದು ಗುರಿ ಇರುತ್ತದೆ. ಖರ್ಚು ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಹತ್ತು ತಂಡಕ್ಕೆ ಹತ್ತು ಬಟ್ಟೆಯ ಪಟ್ಟಿ, ದಾರಿಯಲ್ಲಿ ನೀರಿನ ಕೊಡ.

ಇನ್ನು ಅಳತೆಯ ವಿಷಯ. ಖೇಲೋ ಇಂಡಿಯಾ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಶಾಲಾ ಮಕ್ಕಳಿಗೆ 600 ಮೀಟರ್ ಓಟ ಇದೆ. ಅದರ ಜತೆಗೆ, ದೈಹಿಕವಾಗಿ ಅನುಕೂಲವಿರುವ ಎಲ್ಲ ಹೈಸ್ಕೂಲ್ ಮಕ್ಕಳಿಗೂ ಜೂನ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಅಳೆದ ಟ್ರ್ಯಾಕಿನಲ್ಲಿ 1600 ಮೀಟರ್ ಇಡೋಣ. ಓಡಲಾಗದವರು ನಡೆಯಲಿ. ಹುಡುಗರಿಗೂ ಹುಡುಗಿಯರಿಗೂ ಒಂದೇ ದೂರ. ಎಲ್ಲರ ವೇಳೆಯನ್ನೂ ಬರೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಜೋಡಿಸಿ. ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ನಲವತ್ತೊಂದು ಮಕ್ಕಳಿದ್ದರೆ ಇಪ್ಪತ್ತೊಂದನೆಯ ಮಗುವಿನ ವೇಳೆಯೇ ಆ ಸಾಲಿನ ಮಟ್ಟ. ಹೆಸರು ಬೇಡ, ವೇಳೆಯೊಂದೇ ಸಾಕು, ಅದನ್ನು ಶಾಲೆಯ ಫಲಕದ ಮೇಲೆ ವರ್ಷದ ಮುಂದೆ ಬರೆಯಿರಿ. ಗೆದ್ದವನ ವೇಳೆ ಒಬ್ಬ ಪ್ರತಿಭಾವಂತ ಬಂದ ವರ್ಷ ಸುಧಾರಿಸುತ್ತದೆ, ಅವನು ಪಾಸಾಗಿ ಹೋದ ವರ್ಷ ಹಿಂದೆ ಬೀಳುತ್ತದೆ. ನಡುವಿನ ಮಗುವಿನ ವೇಳೆ ಹಾಗಲ್ಲ. ಅದು ಸುಧಾರಿಸಬೇಕಾದರೆ ಇಡೀ ಶಾಲೆ ಓಡಬೇಕು, ಉಣ್ಣಬೇಕು, ಮಲಗಬೇಕು, ಆಟದ ಪೀರಿಯಡ್ ಆಟಕ್ಕೇ ಉಳಿಯಬೇಕು.

ನಡುವಿನವರ ಮಟ್ಟ ಏರಿದಲ್ಲಿ ಮುಂದಿನವರು ತಾವಾಗಿಯೇ ಹುಟ್ಟುತ್ತಾರೆ. ಇಟೆನ್ ಅದನ್ನು ತೋರಿಸಿದೆ, ಕ್ಯೋಟೊ ತೋರಿಸಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 1964ರಲ್ಲಿ ಓಡಿದ ಕೆನೆತ್ ಪೊವೆಲ್ ನಮ್ಮ ಕೋಲಾರದ ನೆಲದಲ್ಲೇ ಹುಟ್ಟಿದವರು. ಈ ಮಣ್ಣು ಓಟಕ್ಕೆ ಹೊಸತಲ್ಲ.

ದೈಹಿಕ ಶಿಕ್ಷಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳ ತಂದೆ ತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಹಾರ ಹಾಕಿದ ಮೇಲೆ ಮನೆಗೆ ಹೊರಡಬೇಡಿ. ಓಡುತ್ತಿರುವವರು ಇನ್ನೂ ಇದ್ದಾರೆ. ಅವರೆಲ್ಲ ಬಂದು ಮುಟ್ಟುವವರೆಗೆ ಸ್ಟಾಪ್‌ವಾಚ್ ನಿಲ್ಲಿಸಬೇಡಿ, ಪ್ರತಿಯೊಬ್ಬರ ವೇಳೆಯನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಹತ್ತು ವರ್ಷದ ನಂತರ, ನಮ್ಮ ಮಕ್ಕಳ ಮಟ್ಟ ಏರಿತೋ ಇಳಿಯಿತೋ ಎಂದು ಯಾರಾದರೂ ಕೇಳಿದರೆ, ಆ ಪುಸ್ತಕ ತೆರೆದು ಉತ್ತರ ಹೇಳುವಂತಾಗಲಿ.